ಸರಪಳಿ ಬಿಚ್ಚುವ ಮುನ್ನ: ನಾಯಿ ಉದ್ಯಾನವೆಂಬ ಪದ್ಧತಿಯ ಮೌಲ್ಯಮಾಪನ

ನಾಯಿ ಉದ್ಯಾನವನ್ನು ಪ್ರಾಣಿದಯೆಯ ಕುರುಹೆಂದು ಹೊಗಳುವವರೂ ಉಳ್ಳವರ ಶೋಕಿಯೆಂದು ತೆಗಳುವವರೂ ಸಾಮಾನ್ಯವಾಗಿ ಅದರ ಹುಲ್ಲುಹಾಸನ್ನೂ ಬೇಲಿಯನ್ನೂ ನೋಡಿ ತೀರ್ಪು ಕೊಡುತ್ತಾರೆ. ಬೇಲಿಯೊಳಗೆ ಕಾಲಿಡುವ ಮುನ್ನ ಸಾಕಿದವರು ಒಪ್ಪಿಕೊಳ್ಳಬೇಕಾದ ಕರಾರುಗಳತ್ತ ಕಣ್ಣು ಹಾಯಿಸುವವರು ಕಡಿಮೆ. ನಾಯಿ ಉದ್ಯಾನವೆಂದರೆ ಸಾಕುನಾಯಿಯ ಕೊರಳಪಟ್ಟಿಗೆ ಸಿಕ್ಕಿಸಿದ ಸರಪಳಿಯನ್ನೋ ಬೆಲ್ಟನ್ನೋ ಬಿಚ್ಚಿ, ಅದನ್ನು ತನ್ನ ಜಾತಿಯ ಇತರ ಪ್ರಾಣಿಗಳೊಡನೆ ಓಡಾಡಲು ಬಿಡುವುದಕ್ಕೆಂದೇ ಬೇಲಿ ಹಾಕಿ ಮೀಸಲಿಟ್ಟ ಸಾರ್ವಜನಿಕ ಬಯಲು. ಕೊಲ್ಹಾಪುರ ಜಿಲ್ಲೆಯ ಗಡಹಿಂಗ್ಲಜ ತಾಲೂಕಿನ ನೂಲದಂಥ ಗಡಿನಾಡಿನ ಕನ್ನಡ ಊರಿನಿಂದ ನೋಡಿದರೆ ಇದು ವಿಚಿತ್ರವಾಗಿ ಕಾಣುವುದು ಸಹಜ, ಏಕೆಂದರೆ ಅಲ್ಲಿ ನಾಯಿ ಮೊದಲಿನಿಂದಲೂ ಬಿಟ್ಟೇ ಇರುತ್ತದೆ. ಆದರೆ ಜಾಗಕ್ಕೆ ಕೊರತೆಯಿಲ್ಲದ ಇಂಥ ಊರುಗಳಲ್ಲಿ ಕರಾರುಗಳೇ ಇಲ್ಲವೆಂಬುದನ್ನು ಗಮನಿಸಿದಾಗ, ಈ ಪದ್ಧತಿಯಿಂದ ಪಡೆಯಬೇಕಾದ್ದೇನು, ಬಿಡಬೇಕಾದ್ದೇನು ಎಂಬುದು ಸ್ಪಷ್ಟವಾಗುತ್ತದೆ.

ಇಂಥ ಉದ್ಯಾನಗಳ ಮೊದಲ ಮಾದರಿಯೆಂದು ಸಾಮಾನ್ಯವಾಗಿ ಹೆಸರಿಸುವುದು ಅಮೆರಿಕದ ಕ್ಯಾಲಿಫೋರ್ನಿಯಾದ ಬರ್ಕ್ಲಿ ನಗರದಲ್ಲಿ 1979ರಲ್ಲಿ ಆರಂಭವಾದ ಓಲೋನಿ ನಾಯಿ ಉದ್ಯಾನವನ್ನು. ಭಾರತದಲ್ಲಿ ಹೈದರಾಬಾದ್ ಮಹಾನಗರ ಪಾಲಿಕೆ 2018ರಲ್ಲಿ ಕೊಂಡಾಪುರದಲ್ಲಿ ಸುಮಾರು 1.3 ಎಕರೆಯಲ್ಲಿ ನಾಯಿಗಳಿಗೆಂದೇ ಉದ್ಯಾನವೊಂದನ್ನು ತೆರೆಯಿತು. ಎರಡರ ಹಿಂದೆಯೂ ಇರುವ ಕಾರಣ ಒಂದೇ: ಬೀದಿಯಲ್ಲಿ ನಾಯಿಯನ್ನು ಕಟ್ಟಿಯೇ ಒಯ್ಯಬೇಕೆಂಬ ನಿಯಮವೂ ಅಂಗಳವಿಲ್ಲದ ಮನೆಗಳೂ ಸೇರಿ, ಓಡುವುದಕ್ಕೆಂದೇ ಹುಟ್ಟಿದ ಪ್ರಾಣಿಯ ಓಟವನ್ನೇ ಕಸಿದುಕೊಂಡವು. ಹಾಗಾಗಿ ಇದು ನಗರವೇ ತಂದಿಟ್ಟ ತೊಂದರೆಗೆ ನಗರವೇ ಹುಡುಕಿಕೊಂಡ ಪರಿಹಾರ.

ಚೆನ್ನಾಗಿ ಯೋಜಿಸಿದ ಉದ್ಯಾನದ ಜಾಣ್ಮೆ ಅದರ ಬಾಗಿಲಲ್ಲೇ ಕಾಣುತ್ತದೆ. ಅಲ್ಲಿ ಒಂದರ ಹಿಂದೊಂದು ಎರಡು ಗೇಟುಗಳಿರುತ್ತವೆ. ಹೊರಗಿನದನ್ನು ಮುಚ್ಚಿದ ಮೇಲೆ ನಡುವಿನ ಚಿಕ್ಕ ಆವರಣದಲ್ಲಿ ಬೆಲ್ಟ್ ಬಿಚ್ಚಿ, ಅನಂತರವಷ್ಟೇ ಒಳಗಿನದನ್ನು ತೆರೆಯಬೇಕು. ಒಳಗಿರುವ ನಾಯಿ ಬೀದಿಗೆ ನುಗ್ಗದಿರಲೆಂಬುದು ಇದರ ಒಂದು ಉದ್ದೇಶವಾದರೆ, ಇನ್ನೊಂದು ಉದ್ದೇಶ ನಾಯಿಯ ಮನಸ್ಸಿಗೆ ಸಂಬಂಧಿಸಿದ್ದು: ಬಿಟ್ಟ ನಾಯಿಗಳ ನಡುವೆ ಕಟ್ಟಿದ ನಾಯಿ ಓಡಿಹೋಗುವ ದಾರಿಯಿಲ್ಲದೆ ಹೆದರುತ್ತದೆ, ಹೆದರಿದ್ದು ಹಲ್ಲು ತೋರಿಸುತ್ತದೆ. ಒಳಗೆ ಹೋದ ಮೇಲೆ ಮುಂಗಾಲು ನೆಲಕ್ಕೆ ಚಾಚಿ, ಹಿಂಭಾಗ ಮೇಲೆತ್ತಿ ನಿಲ್ಲುವ ನಾಯಿ ಆಟಕ್ಕೆ ಕರೆಯುತ್ತಿದೆ. ಮೈ ಸೆಟೆಸಿ, ಬಾಲವನ್ನು ನೆಟ್ಟಗೆ ನಿಲ್ಲಿಸಿ, ಬಾಯಿ ಬಿಗಿದು ದಿಟ್ಟಿಸುವ ನಾಯಿ ಜಗಳಕ್ಕೆ ಸಜ್ಜಾಗುತ್ತಿದೆ. ಈ ವ್ಯತ್ಯಾಸವನ್ನು ಗುರುತಿಸಿ, ಜಗಳ ಹತ್ತುವ ಮೊದಲೇ ತನ್ನ ನಾಯಿಯನ್ನು ಕೂಗಿ ಕರೆದುಕೊಳ್ಳಬಲ್ಲವರಿಗೆ ಮಾತ್ರ ಉದ್ಯಾನ ಸುರಕ್ಷಿತ. ಬೆಂಚಿನ ಮೇಲೆ ಕುಳಿತು ಮೊಬೈಲ್ ನೋಡುವವರಿಗೆ ಅದು ಅಪಾಯದ ಜಾಗ. ಲಸಿಕೆಯ ಸರಣಿ ಮುಗಿಯದ ಮರಿಗಳನ್ನು ಒಳಗೆ ಬಿಡಬಾರದೆಂಬ ನಿಯಮಕ್ಕೂ ಗಟ್ಟಿ ಕಾರಣವಿದೆ: ಮರಿಗಳಿಗೆ ರಕ್ತಭೇದಿ ತರುವ ಪಾರ್ವೊ ವೈರಾಣು, ರೋಗಿ ನಾಯಿ ಹೋದ ಎಷ್ಟೋ ತಿಂಗಳ ನಂತರವೂ ಮಣ್ಣಿನಲ್ಲಿ ಉಳಿದಿರಬಲ್ಲದು.

ಇದೇ ಪದ್ಧತಿ ಬೆಟ್ಟದ ನಡುವಿನ ಸರೋವರದ ಊರಿಗೆ ಬಂದಾಗ ನೀರಿನ ಪ್ರಶ್ನೆಯೂ ಸೇರಿಕೊಳ್ಳುತ್ತದೆ. ಸಮುದ್ರಮಟ್ಟದಿಂದ ಸುಮಾರು 1,900 ಮೀಟರ್ ಎತ್ತರದಲ್ಲಿರುವ ಅಮೆರಿಕದ ಟಾಹೊ ಸರೋವರದ ದಂಡೆಯ ಸೌತ್ ಲೇಕ್ ಟಾಹೊ ಪಟ್ಟಣದ ಬಿಜೂ ಉದ್ಯಾನದೊಳಗೆ ನಾಯಿಗಳಿಗೆಂದು ಬೇಲಿ ಹಾಕಿದ ಆವರಣವಿದೆ. ಆ ಸರೋವರದ ತಿಳಿತನವನ್ನು ವಿಜ್ಞಾನಿಗಳು 1968ರಿಂದ ಅಳೆಯುತ್ತಿದ್ದಾರೆ. ಬಿಳಿಯ ತಟ್ಟೆಯೊಂದನ್ನು ನೀರಿಗಿಳಿಸಿ, ಅದು ಎಷ್ಟು ಆಳದವರೆಗೆ ಕಣ್ಣಿಗೆ ಕಾಣುತ್ತದೆಂಬುದನ್ನು ಬರೆದಿಡುವುದು ಅದರ ಕ್ರಮ. ಆರಂಭದಲ್ಲಿ ಸುಮಾರು 31 ಮೀಟರ್ ಇದ್ದ ಆ ಆಳ ಈಗ 20 ಮೀಟರಿನ ಆಸುಪಾಸಿಗೆ ಇಳಿದಿದೆ. ಇದಕ್ಕೆ ಮುಖ್ಯ ಕಾರಣ ರಸ್ತೆ, ಕಟ್ಟಡಗಳಿಂದ ಮಳೆನೀರಿನೊಡನೆ ಹರಿದು ಬರುವ ನುಣ್ಣನೆಯ ಮಣ್ಣು ಮತ್ತು ನೀರಿನಲ್ಲಿ ಬೆಳೆಯುವ ಪಾಚಿಯೇ ಹೊರತು ನಾಯಿಗಳಲ್ಲ. ಆದರೂ ನೆಲದ ಮೇಲೆ ಬಿಟ್ಟ ನಾಯಿಯ ಮಲ ಸಾರಜನಕ, ರಂಜಕ ಮತ್ತು ರೋಗಾಣುಗಳೊಂದಿಗೆ ಅದೇ ಮಳೆನೀರನ್ನು ಸೇರುವುದರಿಂದ, ದಂಡೆಯ ಉದ್ಯಾನದಲ್ಲಿ ಮಲವನ್ನು ಚೀಲದಲ್ಲಿ ಎತ್ತುವುದು ಶಿಷ್ಟಾಚಾರದ ಮಟ್ಟದಲ್ಲಿ ನಿಲ್ಲದೆ ನೀರಿನ ರಕ್ಷಣೆಯ ಭಾಗವಾಗುತ್ತದೆ.

ಕರ್ನಾಟಕದಲ್ಲಿ ಈ ಪದ್ಧತಿಯ ಪರೀಕ್ಷೆ ನಡೆದದ್ದು ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ. 1870ರಲ್ಲಿ ರೂಪುಗೊಂಡ ಈ ಉದ್ಯಾನದ ಒಂದು ಮೂಲೆಯಲ್ಲಿ ನಾಯಿ ಸಾಕಿದವರು ಸೇರುವ ರೂಢಿ ಬೆಳೆದ ಹಾಗೆಲ್ಲ, ಬೆಲ್ಟ್ ಇಲ್ಲದ ನಾಯಿಗಳಿಗೆ ಹೆದರಿದವರ, ಮಲ ತುಳಿದವರ ದೂರುಗಳೂ ಹೆಚ್ಚಿದವು. 2022ರಲ್ಲಿ ತೋಟಗಾರಿಕೆ ಇಲಾಖೆ ಜುಲೈ 1ರಿಂದ ನಾಯಿಗಳಿಗೆ ಪ್ರವೇಶವನ್ನೇ ನಿಷೇಧಿಸಲು ಹೊರಟು, ವಿರೋಧ ಎದ್ದಾಗ ತಡೆಹಿಡಿಯಿತು. ಆ ವಿವಾದದಲ್ಲಿ ಎರಡೂ ಪಕ್ಷದವರ ಮಾತಿನಲ್ಲಿ ಅರ್ಧ ಸತ್ಯವಿತ್ತು. ಕೆಲವರು ಮಾಡಿದ ತಪ್ಪಿಗೆ ಎಲ್ಲರನ್ನೂ ಹೊರಗಟ್ಟುವುದು ಆಡಳಿತದ ಸೋಮಾರಿತನ. ಆದರೆ ಮಕ್ಕಳೂ ಮುದುಕರೂ ನಡೆದಾಡುವ ಬೇಲಿಯಿಲ್ಲದ ಬಯಲಲ್ಲಿ ತನ್ನ ನಾಯಿ ಯಾರಿಗೂ ಏನೂ ಮಾಡುವುದಿಲ್ಲವೆಂದು ಮಾಲೀಕನೇ ಪ್ರಮಾಣಪತ್ರ ಕೊಟ್ಟುಕೊಳ್ಳುವುದೂ ಒಪ್ಪತಕ್ಕದ್ದಲ್ಲ. ಬೇಲಿ ಅಗತ್ಯವಾಗುವುದು ಇಲ್ಲಿಯೇ. ಅದು ನಾಯಿಯಷ್ಟೇ ನಾಯಿಗೆ ಹೆದರುವವರ ಹಕ್ಕನ್ನೂ ಕಾಯುತ್ತದೆ.

ಹಿರಣ್ಯಕೇಶಿ ಕಣಿವೆಯ ನೂಲದಲ್ಲಿ ಪರಿಸ್ಥಿತಿ ಇದಕ್ಕೆ ತದ್ವಿರುದ್ಧ. ಈ ಸೀಮೆಯಲ್ಲಿ ನಾಯಿ ದನದ ಕೊಟ್ಟಿಗೆ ಕಾಯುತ್ತದೆ, ಕಬ್ಬಿನ ಗದ್ದೆಯ ಬದುವಿನ ಮೇಲೆ ಒಡೆಯನ ಹಿಂದೆ ಸಾಗುತ್ತದೆ, ಧನಗರರ ಕುರಿಹಿಂಡಿನ ಸುತ್ತ ಸುಳಿಯುತ್ತದೆ. ಮುಧೋಳ ನಾಯಿ ಇದೇ ಬಯಲುಸೀಮೆಯ ತಳಿ. ಮಹಾರಾಷ್ಟ್ರದ ಕಡೆ ಅದನ್ನು ಕಾರವಾನ್ ಎನ್ನುತ್ತಾರೆ. ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆ ಇದನ್ನು ಕಾಪಾಡಿ ಬೆಳೆಸಿದರು. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರದ ಅಂಚೆಚೀಟಿ ಹೊರಡಿಸಿತು. ಮುಧೋಳ ತಾಲೂಕಿನ ತಿಮ್ಮಾಪುರದಲ್ಲಿ ಈ ತಳಿಯ ಸಂಶೋಧನಾ ಕೇಂದ್ರವಿದೆ. ವಾಸನೆಗಿಂತ ಕಣ್ಣನ್ನು ನಂಬಿ ಬೇಟೆಯಾಡುವ ಈ ನಾಯಿ ದೂರದಲ್ಲೊಂದು ಮೊಲ ಮಿಸುಕಿದರೂ ಕೂಗಿಗೆ ಕಿವಿಗೊಡದೆ ಓಡುತ್ತದೆ. ಅದರ ಓಟಕ್ಕೆ ಪಾಲಿಕೆಯ ಒಂದೆಕರೆ ನಾಲ್ಕೇ ನೆಗೆತ. ಹೀಗಿರುವಾಗ ನೂಲಕ್ಕೆ ನಾಯಿ ಉದ್ಯಾನ ಕಟ್ಟಿಸುವುದು ಹಣ ಪೋಲು ಮಾಡಿದಂತೆ.

ಹಾಗೆಂದು ಬಿಟ್ಟ ನಾಯಿಯ ಹಳ್ಳಿಯ ಪದ್ಧತಿ ನಿರ್ದೋಷಿಯಲ್ಲ. ಯಾರ ಮನೆಯಲ್ಲಿ ಉಣ್ಣುತ್ತದೆಂದು ಊರಿಗೆಲ್ಲ ಗೊತ್ತಿದ್ದರೂ, ಅದು ಕಚ್ಚಿದ ದಿನ ನಾಯಿಗೆ ಒಡೆಯರೇ ಇರುವುದಿಲ್ಲ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಬಹುತೇಕ ಅಸಾಧ್ಯವಾದ್ದರಿಂದ, ಮೂರು ತಿಂಗಳ ವಯಸ್ಸಿಗೆ ನಾಯಿಗೆ ಮೊದಲ ಚುಚ್ಚುಮದ್ದು, ಅನಂತರ ವರ್ಷಕ್ಕೊಮ್ಮೆ ಮರುಮದ್ದು ಹಾಕಿಸುವುದು ಉದ್ಯಾನಕ್ಕಿಂತ ಮುಂಚೆ ಆಗಬೇಕಾದ ಕೆಲಸ. ಸಾಕಿದ ಪ್ರಾಣಿಯ ವಿಷಯದಲ್ಲಿ ತೋರುವ ನಿರ್ಲಕ್ಷ್ಯಕ್ಕೆ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮು ಆರು ತಿಂಗಳವರೆಗಿನ ಸೆರೆ ಅಥವಾ 5,000 ರೂಪಾಯಿವರೆಗಿನ ದಂಡ, ಇಲ್ಲವೆ ಎರಡನ್ನೂ ಹೇಳುತ್ತದೆ. ಆದರೆ ಒಡೆತನ ಎಲ್ಲೂ ದಾಖಲಾಗದಿದ್ದರೆ ಅದನ್ನು ಯಾರ ಮೇಲೆ ಹೂಡುವುದು?

ಮಹಾನಗರ ಮತ್ತು ಹಳ್ಳಿ ಈ ಎರಡರ ನಡುವೆ ಕೊಲ್ಹಾಪುರ ಮತ್ತು ಇಚಲಕರಂಜಿ ನಿಲ್ಲುತ್ತವೆ. ಮಗ್ಗಗಳ ಸದ್ದಿನ ಇಚಲಕರಂಜಿಯ ಓಣಿಗಳಲ್ಲಿ ನಾಯಿಗೆ ಓಡಲು ಜಾಗವಿಲ್ಲದಿರುವುದು ನಿಜ, ಅಲ್ಲಿ ಬೇಲಿಯ ಬಯಲು ಉಪಯುಕ್ತವೇ. ಸಹ್ಯಾದ್ರಿಯ ಮಗ್ಗುಲಿನ ಕೊಲ್ಹಾಪುರದಲ್ಲಿ ರಂಕಾಳ ಕೆರೆಯ ದಂಡೆ ಮೊದಲಿಗೆ ಕಣ್ಣಿಗೆ ಬೀಳುವ ಜಾಗವಾದರೂ ಅದನ್ನು ಆರಿಸಬಾರದು. ಒಳಚರಂಡಿ ನೀರಿನಿಂದ ಆಗಲೇ ನೊಂದಿರುವ ಕೆರೆಗೆ ಇನ್ನೊಂದು ಹೊರೆ ಬೇಡ. ಅಲ್ಲದೆ ಇಂಥ ನೀರಿನಲ್ಲಿ ಬೆಳೆಯುವ ಕೆಲವು ನೀಲಿ-ಹಸಿರು ಪಾಚಿಗಳ ವಿಷ, ನೀರು ಕುಡಿದ ನಾಯಿಯನ್ನು ಕೆಲವೇ ಗಂಟೆಗಳಲ್ಲಿ ಕೊಲ್ಲಬಲ್ಲದು. ಕೆರೆಯಿಂದ ದೂರ, ಇಳಿಜಾರಿಲ್ಲದ ನೆಲ, ಎರಡು ಗೇಟು, ದೊಡ್ಡ ಮತ್ತು ಸಣ್ಣ ನಾಯಿಗಳಿಗೆ ಬೇರೆಬೇರೆ ಆವರಣ, ಲಸಿಕೆಯ ಚೀಟಿ ತೋರಿಸದವರಿಗೆ ಪ್ರವೇಶವಿಲ್ಲವೆಂಬ ನಿಯಮ: ಇಷ್ಟಿದ್ದರೆ ಸಾಕು.

ಒಟ್ಟಾರೆ ನಾಯಿ ಉದ್ಯಾನ ಶೋಕಿಯೂ ಅಲ್ಲ, ಬೀದಿನಾಯಿಗಳ ಸಮಸ್ಯೆಗೆ ಮದ್ದೂ ಅಲ್ಲ. ಒಡೆಯರಿಲ್ಲದ ನಾಯಿಗಳಿಗೆ ಸಂತಾನಹರಣ ಚಿಕಿತ್ಸೆ ಮತ್ತು ಲಸಿಕೆಯ ಕಾರ್ಯಕ್ರಮ ಬೇರೆಯೇ ನಡೆಯಬೇಕು. ಆದರೂ ನಾಯಿಗೆ ಸ್ವಾತಂತ್ರ್ಯ ಬೇಕೆನ್ನುವವರು ಮೊದಲು ಲಸಿಕೆ, ನೋಂದಣಿ, ತರಬೇತಿ, ಸ್ವಚ್ಛತೆಗಳ ಹೊಣೆ ಹೊರಬೇಕೆಂದು ಅದು ಬಾಗಿಲಲ್ಲೇ ಕಟ್ಟುನಿಟ್ಟಾಗಿ ಹೇಳುತ್ತದೆ. ಬಯಲನ್ನು ನಗರಗಳು ಕಟ್ಟಿಕೊಳ್ಳಲಿ. ಈ ಹೊಣೆಯನ್ನು ಗ್ರಾಮ ಪಂಚಾಯಿತಿಯ ನೋಂದಣಿ ಪುಸ್ತಕ ಮತ್ತು ವರ್ಷಕ್ಕೊಂದು ಲಸಿಕಾ ಶಿಬಿರದ ರೂಪದಲ್ಲಿ ಜಾರಿಗೆ ತರಲು ನೂಲಕ್ಕೆ ಬೇಲಿಯ ಒಂದು ಕಂಬವೂ ಬೇಕಿಲ್ಲ.