ಕೈಗಿಂತ ಮೊದಲು ಬಾಯಿ: ಮೃದಂಗ ಸಾಧನೆಯ ಕ್ರಮವನ್ನು ಕುರಿತು

ಮೃದಂಗದ ಸಾಧನೆಯೆಂದರೆ ಕೈಯ ಕಸರತ್ತು ಎಂಬ ಎಣಿಕೆ ವಿದ್ಯಾರ್ಥಿಗಳಲ್ಲಿಯೂ ಅವರ ಮನೆಯವರಲ್ಲಿಯೂ ಬಲವಾಗಿ ಬೇರೂರಿದ್ದು, ದಿನಕ್ಕೆ ಎಷ್ಟು ಗಂಟೆ ನುಡಿಸಲಾಯಿತು, ಎಷ್ಟು ವೇಗ ಕೈಗೂಡಿತು ಎಂಬ ಎರಡೇ ಪ್ರಶ್ನೆಗಳಿಂದ ಅದರ ಬೆಲೆ ಕಟ್ಟಲಾಗುತ್ತದೆ. ಆದರೆ ಕರ್ನಾಟಕ ಸಂಗೀತದ ಲಯಪರಂಪರೆಯು ಪಾಠವನ್ನು ಕೈಯಿಂದಲ್ಲ, ಬಾಯಿಂದ ಆರಂಭಿಸುತ್ತದೆ. ಈ ಕ್ರಮದ ಹಿಂದಿನ ವಿವೇಕವನ್ನು ಗುರುತಿಸಿ, ಇಂದಿನ ರೂಢಿಯಲ್ಲಿ ಅದು ಎಲ್ಲಿ ಸೊರಗಿದೆ ಎಂಬುದನ್ನು ತೂಗಿನೋಡುವುದು ಅಗತ್ಯವಾಗಿದೆ.

ಮೃದಂಗದ ಪ್ರತಿಯೊಂದು ಪೆಟ್ಟಿಗೂ ಒಂದು ಉಚ್ಚಾರವಿದೆ. ಎಡಗಡೆಯ ಮುಚ್ಚಿಗೆಯಿಂದ ಹೊರಡುವ ತುಂಬುನಾದಕ್ಕೆ ‘ತೊಂ’ ಎಂದೂ, ಬಲಗಡೆಯ ಅಂಚಿನಲ್ಲಿ ತೋರುಬೆರಳಿನಿಂದ ಹುಟ್ಟುವ ಶ್ರುತಿಬದ್ಧ ನಾದಕ್ಕೆ ‘ನಂ’ ಎಂದೂ ಹೆಸರಿದ್ದು, ಇಂಥ ಉಚ್ಚಾರಗಳನ್ನು ಪೋಣಿಸಿ ಕಟ್ಟಿದ ಲಯವಾಕ್ಯವನ್ನು ಸೊಲ್ಲುಕಟ್ಟು ಎನ್ನುತ್ತಾರೆ. ವಿದ್ಯಾರ್ಥಿಯು ಕೈಯಲ್ಲಿ ತಾಳ ಹಾಕುತ್ತ ಬಾಯಲ್ಲಿ ಸೊಲ್ಲು ಹೇಳಿ, ಅದು ಸಲೀಸಾದ ಮೇಲೆ ವಾದ್ಯವನ್ನು ಮುಟ್ಟಬೇಕೆಂಬುದು ಹಳೆಯ ನಿಯಮ. ಇದರ ಮುಖ್ಯ ಗುಣವೆಂದರೆ ತಪ್ಪಿನ ಮೂಲವನ್ನು ಇದು ಬೇರ್ಪಡಿಸಿ ತೋರಿಸುತ್ತದೆ: ಬಾಯಿಯೇ ತಡವರಿಸಿದರೆ ಲೆಕ್ಕ ಇನ್ನೂ ಮನಸ್ಸಿಗೆ ಹತ್ತಿಲ್ಲವೆಂದು ತಿಳಿಯಬಹುದು, ಬಾಯಿ ಸರಾಗವಾಗಿ ಹರಿದು ಕೈ ಮಾತ್ರ ಎಡವಿದರೆ ಕೊರತೆ ಬೆರಳಿನದು. ಈ ವಿವೇಚನೆಯಿಲ್ಲದೆ ಇಡೀ ಪಾಠವನ್ನು ನೂರು ಸಲ ತಿರುಗಿಸುವವನು ಪಾಠದ ಜೊತೆಗೆ ತಪ್ಪನ್ನೂ ನೂರು ಸಲ ಸಾಧಿಸುತ್ತಾನೆ.

ಎರಡನೆಯ ಸಾಧನ ತ್ರಿಕಾಲ, ಅಂದರೆ ತಾಳದ ನಡಿಗೆಯನ್ನು ಬದಲಿಸದೆ ಒಂದೇ ಪಾಠವನ್ನು ಮೂರು ಕಾಲಗಳಲ್ಲಿ, ಪ್ರತಿ ಸಲವೂ ಇಮ್ಮಡಿ ವೇಗದಲ್ಲಿ ನುಡಿಸುವುದು. ಹೋಲಿಕೆಗೆ ನೋಡಿದರೆ, ಅಮೆರಿಕದ ಡ್ರಮ್ ಶಿಕ್ಷಕ ಜಾರ್ಜ್ ಲಾರೆನ್ಸ್ ಸ್ಟೋನ್ 1935ರಲ್ಲಿ ಪ್ರಕಟಿಸಿದ ‘ಸ್ಟಿಕ್ ಕಂಟ್ರೋಲ್’ ಎಂಬ ಅಭ್ಯಾಸಪುಸ್ತಕವು ಪ್ರತಿ ಪಾಠವನ್ನೂ ನಿಲ್ಲಿಸದೆ 20 ಸಲ ನುಡಿಸಬೇಕೆಂದು ವಿಧಿಸುತ್ತದೆ. ಎರಡೂ ಕೈಗಳಿಗೆ ಸಮಬಲ ತರುವಲ್ಲಿ ಆ ವಿಧಾನದ ಉಪಯುಕ್ತತೆ ನಿರ್ವಿವಾದವಾದುದು. ತ್ರಿಕಾಲದ ಬೇಡಿಕೆ ಮಾತ್ರ ಇನ್ನೂ ಆಳವಾದುದು, ಏಕೆಂದರೆ ವೇಗ ಬದಲಾದಾಗಲೆಲ್ಲ ಎರಡು ಪೆಟ್ಟುಗಳ ನಡುವಿನ ಮೌನದ ಅಳತೆಯೂ ಬದಲಾಗುತ್ತದೆ. ಮೊದಲ ಕಾಲದಲ್ಲಿ ಆ ಮೌನ ಅತ್ಯಂತ ದೀರ್ಘವಾದ್ದರಿಂದ ಅದನ್ನು ಕುಗ್ಗಿಸದೆ ಹಿಡಿದು ನಿಲ್ಲುವುದೇ ಲಯಜ್ಞಾನದ ನಿಜವಾದ ಪರೀಕ್ಷೆ. ಅವಸರದ ವಿದ್ಯಾರ್ಥಿಯು ಸುಲಭವೆಂದು ದಾಟಿಹೋಗುವುದೂ ಇದೇ ಕಾಲವನ್ನು.

ಸೃಜನಶೀಲತೆಯ ಬೀಜವೂ ಈ ಮೌನದಲ್ಲಿಯೇ ಇದೆ. ಆದಿತಾಳದ ಒಂದು ಆವರ್ತಕ್ಕೆ 8 ಅಕ್ಷರ, ಅಕ್ಷರಕ್ಕೆ 4 ಮಾತ್ರೆಯಂತೆ ಒಟ್ಟು 32 ಮಾತ್ರೆಗಳು. ‘ತದಿಗಿಣತೊಂ’ ಎಂಬ 5 ಮಾತ್ರೆಯ ಸೊಲ್ಲನ್ನು ಮೂರು ಸಲ ಹೇಳಿ ಆವರ್ತವನ್ನು ಮುಗಿಸಬೇಕಾದರೆ 17 ಮಾತ್ರೆಗಳನ್ನು ಕಳೆದು ಆರಂಭಿಸಬೇಕು; ಸೊಲ್ಲುಗಳ ನಡುವೆ ಒಂದೊಂದು ಮಾತ್ರೆಯ ಬಿಡುವು ಕೊಟ್ಟರೆ 15ನ್ನು, ಎರಡೆರಡು ಕೊಟ್ಟರೆ 13ನ್ನು ಕಳೆದು ಆರಂಭಿಸಬೇಕು. ಸೊಲ್ಲಿನ ಒಳಗೂ ಬಿಡುವನ್ನು ಇಡಬಹುದು: ‘ತ’ ಮತ್ತು ‘ದಿ’ಗಳ ನಂತರ ಒಂದೊಂದು ಮಾತ್ರೆ ನಿಂತರೆ ಅದೇ ಐದು ಉಚ್ಚಾರಗಳು 7 ಮಾತ್ರೆಗೆ, ಪ್ರತಿ ಉಚ್ಚಾರದ ನಡುವೆಯೂ ನಿಂತರೆ 9 ಮಾತ್ರೆಗೆ ಹಿಗ್ಗುತ್ತವೆ. ಐದು, ಏಳು, ಒಂಬತ್ತು ಎಂದು ಕ್ರಮವಾಗಿ ಹೇಳಿದರೆ ಹೊಳೆಯಂತೆ ಅಗಲವಾಗುತ್ತ ಹೋಗುವ ಸ್ರೋತೋವಹ ಯತಿಯೂ, ತಿರುಗಿಸಿದರೆ ಹಸುವಿನ ಬಾಲದಂತೆ ಕಿರಿದಾಗುವ ಗೋಪುಚ್ಛ ಯತಿಯೂ ಸಿದ್ಧಿಸುತ್ತದೆ. ಹೊಸ ಪಾಠವೊಂದನ್ನೂ ಕಲಿಯದೆ, ಕಲಿತ ಐದು ಉಚ್ಚಾರಗಳಿಂದಲೇ ಇಷ್ಟು ರೂಪಗಳು ದೊರೆಯುತ್ತವೆ.

ಲಯದ ಐದು ಜಾತಿಗಳಲ್ಲಿ 9 ಮಾತ್ರೆಯದಕ್ಕೆ ಸಂಕೀರ್ಣ ಎಂದು ಹೆಸರು. ಈ ಹೆಸರು ಹಳೆಯ ಅರಸನೊಬ್ಬನ ಬಿರುದಿನಲ್ಲಿಯೂ ಕಾಣಿಸುತ್ತದೆ. ಚೆನ್ನೈನ ಪಲ್ಲಾವರಂ ಬೆಟ್ಟದಲ್ಲಿ 7ನೆಯ ಶತಮಾನದ ಪಲ್ಲವ ಅರಸ ಒಂದನೆಯ ಮಹೇಂದ್ರವರ್ಮನು ಕೊರೆಯಿಸಿದ ಗುಹಾಲಯವೊಂದಿದ್ದು, ಈಗ ದರ್ಗಾ ಆಗಿರುವ ಆ ಗುಹೆಯಲ್ಲಿ ಅವನ ಬಿರುದುಗಳ ಶಾಸನವಿದೆ. ಈ ಅರಸನಿಗೆ ಸಲ್ಲುವ ಬಿರುದುಗಳಲ್ಲಿ ‘ವಿಚಿತ್ರಚಿತ್ತ’, ‘ಸಂಕೀರ್ಣಜಾತಿ’ ಎಂಬುವೂ ಸೇರಿದ್ದು, ಎರಡನೆಯದಕ್ಕೆ ಸಂಗೀತದೊಡನೆ ನಂಟಿದೆಯೆಂದು ಕೆಲವು ವಿದ್ವಾಂಸರು ಅರ್ಥೈಸಿದ್ದಾರೆ. ಆ ಅರ್ಥವನ್ನು ಒಪ್ಪಿದರೆ, ಹೊಸದನ್ನು ಹುಡುಕುವ ಚಿತ್ತವೂ ಲಯದ ಲೆಕ್ಕವೂ ಒಬ್ಬನಲ್ಲಿಯೇ ಕೂಡಿರುವುದನ್ನು ಆ ಕಾಲವು ಬಿರುದಿಗೆ ಅರ್ಹವೆಂದು ಭಾವಿಸಿತ್ತೆಂದು ಹೇಳಬಹುದು.

ಇಂದಿನ ಅಭ್ಯಾಸದ ದೊಡ್ಡ ಲೋಪ ಹುಡುಕಾಟ, ಲೆಕ್ಕ ಇವೆರಡನ್ನು ಬೇರ್ಪಡಿಸಿರುವುದು. ತನಿ ಆವರ್ತನಕ್ಕೆ, ಎಂದರೆ ಕಛೇರಿಯಲ್ಲಿ ಲಯವಾದ್ಯಕ್ಕೇ ಮೀಸಲಾದ ಭಾಗಕ್ಕೆ, ಗುರು ಕಟ್ಟಿಕೊಟ್ಟ ಕೋರ್ವೆಗಳನ್ನು (ಲೆಕ್ಕ ಹಾಕಿ ಕಟ್ಟಿದ ಮುಕ್ತಾಯದ ಸೊಲ್ಲುಗಳನ್ನು) ಬಾಯಿಪಾಠ ಮಾಡಿ ಒಪ್ಪಿಸುವುದೇ ಗುರಿಯಾದಾಗ, ಲೆಕ್ಕ ಉಳಿದು ಹುಡುಕಾಟ ಕಳೆದುಹೋಗುತ್ತದೆ. ಹಾಡನ್ನು ಕೇಳುವ ಅಭ್ಯಾಸವೂ ಇದರೊಂದಿಗೇ ಹಿಂದೆ ಬೀಳುತ್ತದೆ. ಮೃದಂಗವಾದಕ ಪಾಲ್ಘಾಟ್ ಮಣಿ ಅಯ್ಯರ್ (1912–1981) ಅವರ ಹಿರಿಮೆ ಕೃತಿಯ ನಡೆಯನ್ನೂ ಸಾಹಿತ್ಯದ ತಿರುವುಗಳನ್ನೂ ಹಿಂಬಾಲಿಸಿದ ಪಕ್ಕವಾದ್ಯದಲ್ಲಿದ್ದರೆ, ಅವರ ಸಮಕಾಲೀನರಾದ ಎಡಗೈವಾದಕ ಪಳನಿ ಸುಬ್ರಹ್ಮಣ್ಯ ಪಿಳ್ಳೆ (1908–1962) ಅವರಲ್ಲಿ ಪುದುಕ್ಕೋಟೆ ಬಾನಿಯ ಲೆಕ್ಕಾಚಾರವು ನಾದದ ಸೊಗಸಿನೊಡನೆ ಬೆರೆತಿತ್ತು. ಇಬ್ಬರ ದಾರಿ ಬೇರೆಯಾದರೂ ಕೇಳುವ ಕಿವಿ ಇಬ್ಬರಿಗೂ ಮೂಲಧನವಾಗಿತ್ತು. ಹಾಡಿನ ಜೊತೆ ನುಡಿಸದ ದಿನದ ಸಾಧನೆಯನ್ನು ಅಪೂರ್ಣವೆಂದೇ ಎಣಿಸಬೇಕು.

ಸ್ಥಳದ ಪ್ರಶ್ನೆಯೂ ಉಪೇಕ್ಷಿಸತಕ್ಕದ್ದಲ್ಲ. ಒಂದು ಕಡೆ ವಿಮಾನ ನಿಲ್ದಾಣ, ನಡುವೆ ಹೆದ್ದಾರಿ ಮತ್ತು ಉಪನಗರ ರೈಲಿನ ಹಳಿಗಳಿರುವ ಪಲ್ಲಾವರಂನಂಥ ಊರಿನಲ್ಲಿ, ಗೋಡೆಗೆ ಗೋಡೆ ತಾಗಿದ ಮನೆಗಳ ನಡುವೆ, ನಸುಕಿನಲ್ಲಿ ಮೃದಂಗ ಬಾರಿಸುವುದು ನೆರೆಯವರಿಗೆ ತೊಂದರೆಯಾಗಬಹುದು. ಆದರೆ ಸೊಲ್ಲುಕಟ್ಟು ಮೆಲುದನಿಯಲ್ಲಿಯೂ ಸಾಧ್ಯವಾದ್ದರಿಂದ ಆ ವೇಳೆಯನ್ನು ಬಾಯಿಪಾಠಕ್ಕೂ ಹಗಲನ್ನು ವಾದ್ಯಕ್ಕೂ ಹಂಚಿಕೊಂಡವನಿಗೆ ಈ ನಿರ್ಬಂಧವೇ ಲಾಭವಾಗುತ್ತದೆ. ವಿದ್ಯುನ್ಮಾನ ತಾಳಯಂತ್ರವು ಕಾಲ ಓಡಿತೋ ನಿಂತಿತೋ ಎಂದು ತೋರಿಸುವ ಸಾಕ್ಷಿಯಾಗಿ ಉಪಯುಕ್ತ. ನಿತ್ಯವೂ ಅದಕ್ಕೇ ಒರಗಿದರೆ ಒಳಗಿನ ತಾಳ ಬೆಳೆಯದು.

ಸೊಲ್ಲಿನ ಶಕ್ತಿ ಕಛೇರಿಯ ಎಲ್ಲೆಯನ್ನು ಮೀರಬಲ್ಲದೆಂಬುದಕ್ಕೆ ಕನ್ನಡನಾಡಿನಲ್ಲೇ ನಿದರ್ಶನವಿದೆ. ಟಿ.ಎ.ಎಸ್. ಮಣಿ ಅವರು 1964ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನ ಕಲಾವಿದರು, ಗಾಯಕಿ ಆರ್.ಎ. ರಮಾಮಣಿ ಅವರೊಡನೆ, ಜಾಸ್ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಅವರ ಜೊತೆಗೂಡಿ 1983ರಲ್ಲಿ ‘ಜ್ಯೋತಿ’ ಎಂಬ ಧ್ವನಿಮುದ್ರಿಕೆಯನ್ನು ತಂದರು. ಅನ್ಯ ಸಂಗೀತದೊಡನೆ ಅಂಥ ಸಂವಾದಕ್ಕೆ ಕಂಠಸ್ಥ ಕೋರ್ವೆಗಳಷ್ಟೇ ಸಾಲವು. ಕೇಳಿದೊಡನೆ ಸೊಲ್ಲು ಕಟ್ಟಬಲ್ಲ ಮನಸ್ಸು ಬೇಕು.

ಆದ್ದರಿಂದ ಪರಂಪರೆಯ ಕ್ರಮದಲ್ಲಿ ತಿದ್ದಬೇಕಾದದ್ದು ಬಾಯಿಪಾಠವನ್ನಲ್ಲ, ಬಾಯಿಪಾಠವು ಒಪ್ಪಿಸುವುದರಲ್ಲೇ ಮುಗಿಯುವ ರೂಢಿಯನ್ನು. ವಾರಕ್ಕೊಮ್ಮೆಯಾದರೂ ಶಿಷ್ಯನು ತಾನೇ ಕಟ್ಟಿದ ಒಂದು ಮುಕ್ತಾಯವನ್ನು ತಾಳ ಹಾಕಿ ಹೇಳಬೇಕು, ಅದು ಆವರ್ತದ ಮೊದಲ ಪೆಟ್ಟಾದ ಸಮಕ್ಕೆ ಬಾರದಿದ್ದರೆ ಎಷ್ಟು ಮಾತ್ರೆ ತಪ್ಪಿತೆಂಬುದನ್ನು ಗುರು ಹೇಳುವ ಮೊದಲು ತಾನೇ ಕಂಡುಹಿಡಿಯಬೇಕು. ಆ ಲೆಕ್ಕ ಸಿಕ್ಕ ಮೇಲೆ ಕೈ ವಾದ್ಯವನ್ನು ಮುಟ್ಟಲಿ.