ಪಡಸಾಲೆಯ ಅಳತೆಯ ಸಂಗೀತ

ಮೈಸೂರಿನ ವಾಗ್ಗೇಯಕಾರರನ್ನು ಕೇಳಬೇಕಾದದ್ದು ಚಿಕ್ಕ ಕೋಣೆಯಲ್ಲಿ, ಮೈಕಿಲ್ಲದೆ. ಈ ಮಾತನ್ನು ಹಿಂದೆಯೂ ಬರೆದಿದ್ದೇನೆ. ಕಳೆದ ಭಾನುವಾರದ ಮನೆ ಕಛೇರಿ ಕೇಳಿ ಬಂದ ಮೇಲೆ ಇನ್ನಷ್ಟು ಗಟ್ಟಿಯಾಗಿ ಬರೆಯಬೇಕೆನಿಸಿದೆ. ಲಕ್ಷ್ಮೀಪುರಂನ ಹಳೆಯ ಮನೆಯೊಂದರ ಪಡಸಾಲೆ, ಚಾಪೆಯ ಮೇಲೆ ಮೂವತ್ತು ನಲವತ್ತು ರಸಿಕರು, ಎದುರಿಗೆ ಒಂದು ವೀಣೆ, ಒಬ್ಬ ಗಾಯಕಿ, ಪಿಟೀಲು, ಮೃದಂಗ. ಮೊದಲಿನಿಂದ ಕೊನೆಯವರೆಗೆ ಮೈಸೂರಿನವರ ರಚನೆಗಳೇ. ಕರ್ನಾಟಕ ಸಂಗೀತದ ತ್ರಿಮೂರ್ತಿಗಳ ಕೃತಿ ಒಂದೂ ಇರಲಿಲ್ಲ, ಯಾರಿಗೂ ಅದು ಕೊರತೆ ಅನಿಸಲಿಲ್ಲ.

ತ್ರಿಮೂರ್ತಿಗಳ ಕೃತಿ ಇರಲಿಲ್ಲವೆಂದರೂ ತ್ಯಾಗರಾಜರಂತೂ ಅಲ್ಲಿದ್ದರು. ಅವರ ಶಿಷ್ಯಪರಂಪರೆ ಎರಡು ಕವಲಾಗಿ ಮೈಸೂರಿಗೆ ಬಂದಿದೆ. ಶಿಷ್ಯರಾದ ವಾಲಾಜಾಪೇಟೆ ವೆಂಕಟರಮಣ ಭಾಗವತರಿಂದ ಸದಾಶಿವರಾಯರಿಗೆ, ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ನೆಲೆನಿಂತ ಸದಾಶಿವರಾಯರಿಂದ ವೀಣೆ ಶೇಷಣ್ಣನವರಿಗೆ, ಶೇಷಣ್ಣನವರಿಂದ ವೆಂಕಟಗಿರಿಯಪ್ಪನವರಿಗೆ, ಅವರಿಂದ ದೊರೆಸ್ವಾಮಿ ಅಯ್ಯಂಗಾರ್ಯರಿಗೆ ಬಂದದ್ದು ಒಂದು. ಮಾನಂಬುಚಾವಡಿ ವೆಂಕಟಸುಬ್ಬಯ್ಯನವರಿಂದ ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರಿಗೆ, ಅವರಿಂದ ವಾಸುದೇವಾಚಾರ್ಯರಿಗೆ ಇಳಿದದ್ದು ಇನ್ನೊಂದು. ವಾಸುದೇವಾಚಾರ್ಯರನ್ನು ಅರಮನೆಯೇ ವೇತನ ಕೊಟ್ಟು ತಿರುವೈಯಾರಿಗೆ ಕಲಿಯಲು ಕಳಿಸಿತ್ತು. ಕಲಿಯಲು ಹೊರಗೆ ಕಳಿಸುವುದು, ಹೊರಗಿನ ಪ್ರತಿಭೆಯನ್ನು ಕರೆದು ಕೂರಿಸಿಕೊಳ್ಳುವುದು, ಎರಡನ್ನೂ ಈ ಊರು ಮನಸ್ಸಿಟ್ಟು ಮಾಡಿದೆ.

ಭಾನುವಾರದ ಕಛೇರಿಗೆ ವೀಣೆಯೇ ಬೆನ್ನೆಲುಬು. ತಂಜಾವೂರು ಬಾಣಿ ಗಾಯನದ ಜಾಡು ಹಿಡಿದು ತಂತಿಯನ್ನು ಎಳೆದೆಳೆದು ಸ್ವರ ತೆಗೆಯುತ್ತದೆ. ಮೈಸೂರು ಬಾಣಿಯಲ್ಲಿ ಎಡಗೈಯ ತೋರುಬೆರಳೂ ನಡುಬೆರಳೂ ಒಂದನ್ನೊಂದು ಬಿಟ್ಟು ಬೇರೆ ಬೇರೆ ಮೆಟ್ಟಿಲ ಮೇಲೆ ಓಡಾಡುತ್ತವೆ, ಮೀಟು ಹಗುರ, ಒಂದೊಂದು ಸ್ವರವೂ ಬಿಡಿಬಿಡಿ. ನಾನು ಕೂತದ್ದು ವೈಣಿಕರಿಂದ ಮೂರು ಮೊಳ ದೂರದಲ್ಲಿ. ಶೇಷಣ್ಣನವರ ಜಂಝೂಟಿ ತಿಲ್ಲಾನ ನುಡಿಸುವಾಗ ವೈಣಿಕರ ಬಲಗೈ ಕಿರುಬೆರಳು ಪಕ್ಕದ ತಾಳದ ತಂತಿಗಳನ್ನು ಸವರುತ್ತಿದ್ದ ರೀತಿ ನೋಡಬೇಕಿತ್ತು. ಒಮ್ಮೆ ಒತ್ತಿ, ಮರು ಆವರ್ತದಲ್ಲಿ ಕೇಳಿಯೂ ಕೇಳದ ಹಾಗೆ, ಇನ್ನೊಮ್ಮೆ ಬೇಕೆಂದೇ ಬಿಟ್ಟು. ಲಯದ ಈ ಸೂಕ್ಷ್ಮವನ್ನು ಮೈಕು ಕೊಂದುಹಾಕುತ್ತದೆ. ವೀಣೆಗೆ ಮೈಕು ಕಟ್ಟಿದೊಡನೆ ಎಲ್ಲ ಮೀಟೂ ಒಂದೇ ಸದ್ದಾಗುತ್ತದೆ, ಮೀಟಿನ ಹಿಂದೆ ಉಳಿಯುವ ನಾದ ಮೃದಂಗದಡಿಯಲ್ಲಿ ಮುಚ್ಚಿಹೋಗುತ್ತದೆ. ಇಲ್ಲಿ ಮೃದಂಗದವರು ವೀಣೆಯ ದನಿಗಿಂತ ಒಂದು ಕೂದಲೆಳೆ ಕೆಳಗೇ ನುಡಿಸಿದರು. ತನಿ ಆವರ್ತನದಲ್ಲೂ ಆ ಸಂಯಮ ಬಿಡಲಿಲ್ಲ. ಅವರಿಗೆ ನನ್ನ ನಮಸ್ಕಾರ.

ತಿಲ್ಲಾನದ ಬೆನ್ನಿಗೇ ವೆಂಕಟಗಿರಿಯಪ್ಪನವರ ಒಂದು ನಗ್ಮಾ ಬಂತು. ಸಾಹಿತ್ಯವಿಲ್ಲದ, ವಾದ್ಯಕ್ಕೆಂದೇ ಕಟ್ಟಿದ ಪ್ರಕಾರ ಇದು. ಹೆಸರೂ ಹದವೂ ಹಿಂದೂಸ್ತಾನಿಯ ಕಡೆಯಿಂದ ಬಂದದ್ದು, ಬೆಳೆದದ್ದು ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ. ಸಾಲು ಸಾಲು ಸ್ವರಗುಚ್ಛಗಳು ನಡೆಯ ಮೇಲೆ ಸರಸರನೆ ಹರಿಯುತ್ತವೆ. ಕರ್ನಾಟಕ ಸಂಗೀತದಲ್ಲಿ ವಾದ್ಯಕ್ಕೆಂದೇ ಬರೆದವರು ಬೆರಳೆಣಿಕೆಯಷ್ಟು ಜನ. ವೈಣಿಕರೂ ಹಾಡುಗಾರರ ಕೃತಿಗಳನ್ನೇ ನುಡಿಸುತ್ತ ಬಂದಿರುವಾಗ ಮೈಸೂರು ತನ್ನ ವಾದ್ಯಕ್ಕೆ ತನ್ನದೇ ರಚನೆಗಳನ್ನು ಮಾಡಿಕೊಂಡಿತು. ಶೇಷಣ್ಣನವರ (1852–1926) ಸ್ವರಜತಿ, ತಿಲ್ಲಾನಗಳಿಂದ ಹಿಡಿದು ಈ ನಗ್ಮಾಗಳವರೆಗೆ ಬೆಳೆದ ಈ ಸಾಲಿಗೆ ಸಿಗಬೇಕಾದ ಮನ್ನಣೆ ಇನ್ನೂ ಸಿಕ್ಕಿಲ್ಲ ಎಂದೇ ನನ್ನ ಅಭಿಪ್ರಾಯ.

ಗಾಯಕಿಯ ಸರದಿ ಸದಾಶಿವರಾಯರ ‘ನರಸಿಂಹುಡುದಯಿಂಚೆನು’ ಇಂದ ಶುರುವಾಯಿತು. ಅದರ ಕಮಲಾಮನೋಹರಿ ಋಷಭವೇ ಇಲ್ಲದ ರಾಗ. ಷಡ್ಜದಿಂದ ನೇರ ಗಾಂಧಾರಕ್ಕೆ ಹಾರಬೇಕು, ಇಳಿಯುವಾಗಲೂ ಗಾಂಧಾರದಿಂದ ಒಮ್ಮೆಲೆ ಷಡ್ಜಕ್ಕೆ. ಆ ಹಾರಿಕೆಯಲ್ಲೇ ರಾಗದ ಗತ್ತು ಇರುವುದು. ಕಾಲಪ್ರಮಾಣ ಸ್ವಲ್ಪ ಜೋರಾಯಿತು, ಗಾಂಧಾರದ ಮೇಲೆ ನಿಲ್ಲಲು ಪುರುಸೊತ್ತೇ ಸಿಗಲಿಲ್ಲ. ಒಳ್ಳೆಯ ಕಂಠ, ಶುದ್ಧ ಶ್ರುತಿ. ಮುಂದಿನ ಸಲ ಒಂದು ಕಳೆ ನಿಧಾನಿಸಿ ಹಾಡಿದರೆ ಕೃತಿಯ ಗಾಂಭೀರ್ಯ ತಾನಾಗಿ ಏರುತ್ತದೆ.

ವಾಸುದೇವಾಚಾರ್ಯರ (1865–1961) ‘ಬ್ರೋಚೇವಾರೆವರುರಾ’ ಹಾಡದೆ ಮೈಸೂರಿನ ಕಛೇರಿ ಮುಗಿಯುವ ಹಾಗಿಲ್ಲ. ‘ಶಂಕರಾಭರಣಂ’ ಚಿತ್ರ ಇದನ್ನು ಮನೆಮನೆಗೂ ಮುಟ್ಟಿಸಿತು. ಕೃತಿಯನ್ನು ಬಲ್ಲ ಎಷ್ಟೋ ಜನ ಅದು ಆಚಾರ್ಯರದೆಂದು ಅರಿಯರು, ತ್ಯಾಗರಾಜರದೆಂದು ತಿಳಿದವರೂ ಉಂಟು. ಖಮಾಚ್ ರಾಗದಲ್ಲಿ ಸ್ವರ ಹಾಕುವುದು ಸುಲಭವೆಂದು ಬಹಳ ಮಂದಿ ಸ್ವರಕ್ಕೇ ಜೋತುಬೀಳುತ್ತಾರೆ. ಭಾನುವಾರ ಗಾಯಕಿ ಸ್ವರ ಬಿಟ್ಟು ಸಾಹಿತ್ಯವನ್ನೇ ನಿಧಾನವಾಗಿ ಬಿಡಿಸಿದರು, ವೀಣೆ ಒಂದೊಂದು ಸಂಗತಿಯನ್ನೂ ಹಿಂದಿನಿಂದ ಹಿಡಿದು ನಡೆಯಿತು. ಅನುಪಲ್ಲವಿಯ ಮೇಲುಸ್ಥಾಯಿಯಲ್ಲಿ ಕಂಠ, ವೀಣೆ, ಪಿಟೀಲು ಮೂರೂ ಒಂದೇ ಎಳೆಯಾದ ಆ ಗಳಿಗೆಗಾಗಿಯೇ ಇಂಥ ಕಛೇರಿಗಳಿಗೆ ಹೋಗಬೇಕು. ಆಚಾರ್ಯರ ‘ನಾ ಕಂಡ ಕಲಾವಿದರು’ ಓದಿರದವರು ಓದಿ. ಈ ಸಂಗೀತ ಹುಟ್ಟಿದ ಪಡಸಾಲೆಗಳನ್ನು ಅಷ್ಟು ಹತ್ತಿರದಿಂದ ಕಂಡವರು ಬೇರೆ ಯಾರಿದ್ದಾರೆ?

ಹರಿಕೇಶನಲ್ಲೂರು ಮುತ್ತಯ್ಯ ಭಾಗವತರು ತಿರುನೆಲ್ವೇಲಿಯ ಕಡೆಯವರು. ಮೈಸೂರಿಗೆ ಬಂದು ಚಾಮುಂಡೇಶ್ವರಿಯ ಮೇಲೆ 108 ಕೃತಿಗಳನ್ನು, ಅದೂ ಕನ್ನಡದಲ್ಲಿ, ಕೊಟ್ಟು ಹೋದರು. ಏರುವಾಗ ಮೋಹನ, ಇಳಿಯುವಾಗ ಕಲ್ಯಾಣಿಯಾಗುವ ಮೋಹನಕಲ್ಯಾಣಿ ಅವರದೇ ಸೃಷ್ಟಿ. ಆ ರಾಗದ ‘ಭುವನೇಶ್ವರಿಯ’ ಕೃತಿಯನ್ನು ಪಿಟೀಲಿನವರು ಒಬ್ಬರೇ ನುಡಿಸಿದರು, ಚೆನ್ನಾಗಿತ್ತು.

ಕೊನೆಗೆ ಜಯಚಾಮರಾಜ ಒಡೆಯರು (1919–1974). ಪಾಶ್ಚಾತ್ಯ ಸಂಗೀತದಲ್ಲಿ ಮುಳುಗಿದ್ದ ರಾಜ ಅವರು. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಆಗಿದ್ದರು, ರಷ್ಯದ ಮೆಡ್ಟ್ನರ್ ಮುಪ್ಪಿನಲ್ಲಿ ಲಂಡನ್ನಿನಲ್ಲಿದ್ದಾಗ ಅವರ ಸಂಗೀತವನ್ನು ಧ್ವನಿಮುದ್ರಿಸಲು ಹಣ ಕೊಟ್ಟರು. ರಿಚರ್ಡ್ ಸ್ಟ್ರಾಸ್ ಬರೆದ ಕೊನೆಯ ನಾಲ್ಕು ಹಾಡುಗಳು 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊದಲ ಬಾರಿ ಕೇಳಿಬಂದದ್ದೂ ಅವರ ನೆರವಿನಿಂದಲೇ. ಅಂಥವರು ತಾವೇ ರಚನೆಗೆ ಕೂತಾಗ ಬಂದ 94 ಕೃತಿಗಳಲ್ಲಿ ಆ ಪ್ರಭಾವವನ್ನು ಹುಡುಕಿದರೂ ಸಿಗುವುದಿಲ್ಲ. ಸಂಸ್ಕೃತ ಸಾಹಿತ್ಯ, ಶ್ರೀವಿದ್ಯಾ ಅಂಕಿತ, ಸಾಹಿತ್ಯದೊಳಗೇ ಹೆಣೆದ ರಾಗದ ಹೆಸರು, ಮುತ್ತುಸ್ವಾಮಿ ದೀಕ್ಷಿತರ ನಡಿಗೆ. ವಾಸುದೇವಾಚಾರ್ಯರ ಮಾರ್ಗದರ್ಶನವೂ ಅವರಿಗಿತ್ತು. ಎರಡು ಸಂಗೀತಗಳನ್ನು ಸಮನಾಗಿ ಪ್ರೀತಿಸಿ ಒಂದನ್ನು ಇನ್ನೊಂದಕ್ಕೆ ಬೆರೆಸದೆ ಕಾಯ್ದ ಆ ವಿವೇಕ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಗಂಭೀರನಾಟದ ‘ಶ್ರೀ ಜಾಲಂಧರ’ ಐದೇ ಸ್ವರಗಳ ರಾಗದಲ್ಲಿರುವ ಕೃತಿ. ವೇದಿಕೆಗಳಲ್ಲಿ ಇದನ್ನು ಆರಂಭದಲ್ಲೇ ಬಿರುಸಾಗಿ ಹಾಡಿ ಮುಗಿಸುವ ರೂಢಿ. ಇಲ್ಲಿ ಪ್ರಧಾನ ಕೃತಿಯ ಪೀಠ ಕೊಟ್ಟರು. ವೀಣೆಯಲ್ಲಿ ತಾನ ನುಡಿಸಿದ ಮೇಲೆ ಕೃತಿ, ನಂತರ ಚಿಟ್ಟೆಸ್ವರವನ್ನು ಕಂಠ ಒಮ್ಮೆ, ವೀಣೆ ಒಮ್ಮೆ. ಒಡೆಯರ ಕೃತಿಗಳನ್ನು ಪುಸ್ತಕ ನೋಡಿಕೊಂಡು ಅವರ ಜಯಂತಿಯಂದು ಮಾತ್ರ ಹಾಡುವ ಪರಿಪಾಠ ಬೆಳೆದಿದೆ. ಕಂಠಪಾಠವಾಗಿ, ವರ್ಷಗಟ್ಟಲೆ ಅರಗಿಸಿಕೊಂಡು ಹಾಡಿದರೆ ಅವು ಎಷ್ಟು ಎತ್ತರಕ್ಕೆ ಹೋಗಬಲ್ಲವೆಂದು ಭಾನುವಾರ ಕೇಳಿದವರಿಗೆಲ್ಲ ಗೊತ್ತಾಯಿತು.

ವ್ಯವಸ್ಥಾಪಕರಲ್ಲಿ ನನ್ನದೊಂದು ಕೋರಿಕೆ. ಈ ಸರಣಿ ಮುಂದುವರಿಯಲಿ, ಜನ ಹೆಚ್ಚಿದರೂ ದೊಡ್ಡ ಜಾಗಕ್ಕೆ ಹೋಗಬೇಡಿ. ಅದೇ ಕಛೇರಿಯನ್ನು ಬೇಕಾದರೆ ಎರಡು ಸಂಜೆ ಇಡಿ. ಶೇಷಣ್ಣನವರ ಸ್ವರಜತಿಗಳು ಈ ಸಲ ಬಿಟ್ಟೇಹೋದವು. ಅವಕ್ಕೆಂದೇ ಒಂದು ಸಂಜೆ ಮೀಸಲಿಡಿ, ಎರಡು ವೀಣೆಗಳನ್ನು ಎದುರುಬದುರು ಕೂರಿಸಿ.