ಉಡಾನ್: ಅರ್ಧ ದಾರಿಯ ಟಿಕೆಟ್

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ನಮ್ಮ ಚಿಕ್ಕಪ್ಪ ಬ್ಯಾಗಿಗಾಗಿ ಬೆಲ್ಟಿನ ಮುಂದೆ ಅರ್ಧ ಗಂಟೆ ಕಾದರು. ಊರ ಹತ್ತಿರದ ಸಣ್ಣ ನಿಲ್ದಾಣದಿಂದ ಅವರು ಹತ್ತಿದ ವಿಮಾನ ಮಂಜಿನಿಂದ ತಡವಾಗಿತ್ತು. ಮುಂದಿನ ದೆಹಲಿ ವಿಮಾನ ಬೇರೆ ಕಂಪನಿಯದು, ಟಿಕೆಟ್ ಬೇರೆ, ಟರ್ಮಿನಲ್ಲೂ ಬೇರೆ. ಶಟಲ್ ಬಸ್ಸು ಹಿಡಿದು ಅಲ್ಲಿಗೆ ಮುಟ್ಟುವಷ್ಟರಲ್ಲಿ ಕೌಂಟರ್ ಮುಚ್ಚಿತ್ತು. ‘ನಿಮ್ಮದು ಕನೆಕ್ಟಿಂಗ್ ಅಲ್ಲ ಸರ್, ಎರಡು ಬೇರೆ ಬೇರೆ ಟಿಕೆಟ್’ ಅಂದಳಂತೆ ಕೌಂಟರಿನ ಹುಡುಗಿ. ದುಡ್ಡು ಹೋಯಿತು.

ಉಡಾನ್ ಯೋಜನೆಯ ಮೇಲಿನ ನನ್ನ ತಕರಾರೆಲ್ಲ ಆ ಹುಡುಗಿಯ ಮಾತಿನಲ್ಲೇ ಇದೆ. 2017ರ ಏಪ್ರಿಲ್‌ನಲ್ಲಿ ಶಿಮ್ಲಾ–ದೆಹಲಿ ಹಾರಾಟದೊಂದಿಗೆ ಶುರುವಾದ ಈ ಯೋಜನೆ, ಹವಾಯಿ ಚಪ್ಪಲಿಯವರೂ ವಿಮಾನ ಹತ್ತಲಿ ಎಂದಿತು. ಆರಂಭದಲ್ಲಿ ಗಂಟೆಯೊಳಗಿನ ಹಾರಾಟದಲ್ಲಿ ಒಂದಿಷ್ಟು ಸೀಟುಗಳಿಗೆ 2,500 ರೂಪಾಯಿ ಮಿತಿ ಇತ್ತು; ಕಂಪನಿಗಾಗುವ ಖೋತಾವನ್ನು ಮೂರು ವರ್ಷ ಸರ್ಕಾರ ತುಂಬಿಕೊಡುತ್ತದೆ. ಆಸೆ ಒಳ್ಳೆಯದೇ. ಆದರೆ ಹಣ ಸಿಗುವುದು ಎರಡು ಊರುಗಳ ನಡುವಿನ ಮಾರ್ಗಕ್ಕೆ. ಆ ಮಾರ್ಗ ಹಿಡಿದವನು ಆಮೇಲೆ ಎಲ್ಲಿಗೆ ಹೋಗಬೇಕೆಂದು ಕೇಳುವವರಿಲ್ಲ.

ಶಿವಮೊಗ್ಗವನ್ನೇ ನೋಡಿ. ಬೆಂಗಳೂರಿನಲ್ಲಿ ಕೆಲಸವಿದ್ದವರಿಗೆ ಜನಶತಾಬ್ದಿ ರೈಲು ಸಾಕು. ಹಾರಿ ಬಂದು ದೇವನಹಳ್ಳಿಯಲ್ಲಿಳಿದು, ಟ್ಯಾಕ್ಸಿಗೆ ಇನ್ನೊಂದಿಷ್ಟು ಸುರಿದು ಪೇಟೆಗೆ ಬರುವುದು ಯಾವ ಲಾಭಕ್ಕೆ? ಆ ವಿಮಾನದ ನಿಜವಾದ ಗಿರಾಕಿ ದೆಹಲಿಗೋ ದುಬೈಗೋ ಹೊರಟವನು. 2023ರಲ್ಲಿ ಅಲ್ಲಿ ಕಮಲದಾಕಾರದ ಟರ್ಮಿನಲ್ ತೆರೆದರು, 3,200 ಮೀಟರ್ ರನ್‌ವೇ ಹಾಸಿದರು. ಇಷ್ಟು ಕಟ್ಟಿದವರಿಗೆ ಬ್ಯಾಗು ನೇರ ಕೊನೆಯ ಊರಿಗೆ ಹೋಗುವಂಥ ಒಂದೇ ಟಿಕೆಟ್ಟನ್ನು ಸಬ್ಸಿಡಿಯ ಷರತ್ತಾಗಿಸುವುದು ಅಷ್ಟು ಕಷ್ಟವೇ?

ಬೀದರಿನದು ಬೇರೆ ಕತೆ. ರೈಲಿನಲ್ಲಿ ಬೆಂಗಳೂರಿಗೆ ಇಡೀ ರಾತ್ರಿ. ಅಲ್ಲಿನವರಿಗೆ ವಿಮಾನ ಷೋಕಿಯಲ್ಲ. ಆದರೂ ಹೈದರಾಬಾದ್ ನಿಲ್ದಾಣದ 150 ಕಿ.ಮೀ. ಒಳಗೆ ಇನ್ನೊಂದು ಬೇಡವೆಂಬ ಒಪ್ಪಂದದಿಂದ ಬೀದರಿನ ಟರ್ಮಿನಲ್ ವರ್ಷಗಟ್ಟಲೆ ಖಾಲಿ ಬಿದ್ದಿತ್ತು. 2020ರ ಫೆಬ್ರವರಿಯಲ್ಲಿ ಹಾರಾಟ ಶುರುವಾಯಿತು. ಆಮೇಲೆ ನಿಲ್ಲುವುದು, ಮತ್ತೆ ಶುರುವಾಗುವುದು ನಡೆದೇ ಬಂತು.

ಉಡಾನ್ ಬಗೆಗಿನ ಸಿಎಜಿಯ 2023ರ ವರದಿ ಇನ್ನೂ ಕಟುವಾಗಿದೆ: ಮೊದಲ ಮೂರು ಸುತ್ತುಗಳಲ್ಲಿ ಹಂಚಿದ 774 ಮಾರ್ಗಗಳಲ್ಲಿ 403 ಶುರುವೇ ಆಗಲಿಲ್ಲ. ಮೂರು ವರ್ಷ ಪೂರೈಸಿದ್ದು 112. ಸಬ್ಸಿಡಿ ಮುಗಿದ ಮೇಲೂ ಉಳಿದದ್ದು 54. ಹೊಸ ನಿಲ್ದಾಣಗಳ ಶಂಕುಸ್ಥಾಪನೆಯಂತೂ ನಿಂತಿಲ್ಲ.

ಮುಂದಿನ ಸಲ ದೆಹಲಿಗೆ ಹೊರಟಾಗ ಚಿಕ್ಕಪ್ಪ ಹಿಂದಿನ ರಾತ್ರಿಯೇ ಬೆಂಗಳೂರಿನ ಬಸ್ಸು ಹತ್ತಿದರು.